ಗೂಡ್ಸ್ ಶೆಡ್ಡಿನ ಹಿಂದಿನ ಊರು

ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹೆಸರಷ್ಟೇ. ಕಚೇರಿ, ಕೋರ್ಟು, ದೊರೆಗಳ ಬಂಗಲೆ ಎಲ್ಲವೂ 1860ರ ದಶಕದಲ್ಲೇ ಬೆಟ್ಟದ ಬುಡದ ಚಿಕ್ಕಮಗಳೂರಿನ ತಂಪಿಗೆ ಹೋಗಿಬಿಟ್ಟಿದ್ದವು. ಬಯಲಿನ ಕಡೂರಿನ ಪಾಲಿಗೆ ನಕಾಶೆಯ ಮೇಲಿನ ಅಕ್ಷರ ಉಳಿದಿತ್ತು. ಸ್ವಾತಂತ್ರ್ಯ ಬಂದ ವರ್ಷ ಅದೂ ಹೋಯಿತು. ಈಗ ಬೆಂಗಳೂರಿನಿಂದ ಕಾರಿನಲ್ಲಿ ಮುಳ್ಳಯ್ಯನಗಿರಿಗೆ ಹೊರಟವರು ಕಡೂರಿನ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗುವಾಗ ಕಿಟಕಿ ಇಳಿಸಿ ಎಳನೀರು ಕೇಳುತ್ತಾರೆ, ಇನ್ನೆಷ್ಟು ಹೊತ್ತಿನ ದಾರಿ ಎಂದು ವಿಚಾರಿಸುತ್ತಾರೆ. ಊರಿಗೂ ಅವರಿಗೂ ಇರುವ ವ್ಯವಹಾರ ಅಲ್ಲಿಗೆ ಮುಗಿಯಿತು.

ನಾನು ಹೊರಟದ್ದು ಹೀಗೆ ಎಲ್ಲರೂ ದಾಟಿ ಹೋಗುವ ಊರುಗಳನ್ನೇ ನೋಡಲಿಕ್ಕೆ. ಕಡೂರು, ಅದರ ಅವಳಿ ಬೀರೂರು, ತರೀಕೆರೆ, ಅಜ್ಜಂಪುರ. ಕಾರ್ಮಿಕರ ಹಳೇ ಕೇರಿ ಎಂದರೆ ನಮಗೆ ತಟ್ಟನೆ ನೆನಪಾಗುವುದು ಮುಂಬಯಿಯ ಗಿರಣಗಾಂವ್, ಇಲ್ಲವೇ ಬೆಂಗಳೂರಿನ ಬಿನ್ನಿಪೇಟೆ. ಒಂದು ಗಿರಣಿ, ಒಂದು ಸೈರನ್ನು, ಅದರ ಸುತ್ತ ಗೋಡೆಗೆ ಗೋಡೆ ಅಂಟಿಸಿಕೊಂಡ ಸಾವಿರ ಮನೆ. ಈ ಸೀಮೆಯಲ್ಲಿ ಅಂಥ ಗಿರಣಿ ಇಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು ಮಾತ್ರ ಇವೆ, ನಾಲ್ಕು ಊರುಗಳಲ್ಲಿ ನಾಲ್ಕು ತುಂಡಾಗಿ, ಹೆಚ್ಚುಕಮ್ಮಿ ಎಲ್ಲವೂ ರೈಲು ಸ್ಟೇಷನ್ನಿಗೋ ಸಂತೆ ಮೈದಾನಕ್ಕೋ ಬೆನ್ನು ಕೊಟ್ಟು. ಇಲ್ಲಿ ಜನರನ್ನು ಒಟ್ಟುಗೂಡಿಸಿದ್ದು ಗಿರಣಿಯಲ್ಲ, ಹೊರೆ. ಮಲೆನಾಡಿನಿಂದ ಇಳಿದದ್ದು, ಬಯಲಿನಿಂದ ಬಂದದ್ದು, ಎರಡೂ ಇಲ್ಲಿ ಇಳಿಯಬೇಕು, ಸುಲಿಯಬೇಕು, ಆರಿಸಬೇಕು, ತೂಗಬೇಕು, ಮತ್ತೆ ಏರಬೇಕು. ಇಳಿಸಿ ಏರಿಸುವುದಕ್ಕೆ ಹೆಗಲು ಬೇಕು. ಹೆಗಲಿರುವವರಿಗೆ ಮನೆ ಬೇಕು.

ಇದನ್ನೆಲ್ಲ ಶುರುಮಾಡಿದ್ದು ಒಂದು ಬರ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ, ಮೈಸೂರು ಸೀಮೆಯಲ್ಲಿ ಜನ ಹುಳುಗಳಂತೆ ಸತ್ತರು. ಬೇರೆ ಕಡೆ ಇದ್ದ ದವಸ ತರಲು ದಾರಿಯಿರಲಿಲ್ಲ ಎಂಬುದು ಆಡಳಿತಕ್ಕೆ ಆಗ ತಟ್ಟಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದ ಮೇಲೆ ದಿವಾನ್ ರಂಗಾಚಾರ್ಲು ರೈಲಿನ ಕೆಲಸಕ್ಕೆ ಕೈಹಾಕಿದರು. ಬೆಂಗಳೂರಿನಿಂದ ತುಮಕೂರು, ಗುಬ್ಬಿ ಎಂದು ತೆವಳಿದ ಮೀಟರ್ ಗೇಜ್ ಹಳಿ 1889ರ ಹೊತ್ತಿಗೆ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹರಿಹರ ಮುಟ್ಟಿತು. ಹತ್ತು ವರ್ಷದ ಮೇಲೆ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಒಡೆಯಿತು. ಹಳಿ ಬಂದ ಕಡೆ ಗೂಡ್ಸ್ ಶೆಡ್ಡು, ಶೆಡ್ಡಿನ ಹಿಂದೆ ಮಂಡಿ, ಮಂಡಿಯ ಹಿಂದೆ ಗುಡಿಸಲು, ಗುಡಿಸಲಿನ ಜಾಗದಲ್ಲಿ ಕಾಲಕ್ರಮೇಣ ಹೆಂಚು, ಶೀಟು, ಈಗ ಆರ್‌ಸಿಸಿ.

ಕಡೂರಿನ ಕೋಟೆಯ ಕಡೆಯ ಓಣಿಗಳಲ್ಲಿ ಎರಡು ಬೈಕು ಎದುರಾದರೆ ಒಬ್ಬರು ಯಾರದೋ ಜಗಲಿಗೆ ಕಾಲೂರಬೇಕು. ಮನೆಯ ಮುಂದೆ ಡ್ರಮ್ಮುಗಳ ಸಾಲು. ಭದ್ರಾ ನೀರು ಬಂದ ಮೇಲೆ ಕಡೂರು ಬೀರೂರುಗಳ ಬಾಯಾರಿಕೆ ಎಷ್ಟೋ ತಗ್ಗಿದೆ, ಆದರೆ ಡ್ರಮ್ಮು ತುಂಬಿಸಿಡುವ ಚಾಳಿ ಬಿಟ್ಟಿಲ್ಲ. ಬಯಲುಸೀಮೆಯವರು ನಲ್ಲಿಯನ್ನು ಅಷ್ಟು ಬೇಗ ನಂಬುವವರಲ್ಲ. ಇದೇ ಕಡೂರಿನಲ್ಲಿ 971ರ ಒಂದು ಶಾಸನ ಸಿಕ್ಕಿದೆ. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಕೇಶ ಕಿತ್ತುಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ ಪ್ರಾಣಬಿಟ್ಟಳೆಂದು ಅದು ಹೇಳುತ್ತದೆ. ರಾಜಮನೆತನದ ಹೆಂಗಸು ಎಲ್ಲವನ್ನೂ ಬಿಟ್ಟದ್ದು ಕಲ್ಲಿನ ಮೇಲೆ ಬಂತು. ಇಲ್ಲಿ ಬಿಡುವುದಕ್ಕೆ ಏನೂ ಇಲ್ಲದೆ ಮೂವತ್ತು ವರ್ಷ ತೆಂಗಿನಕಾಯಿ ಸುಲಿದವರಿದ್ದಾರೆ, ಅವರಿಗೆ ಕಲ್ಲು ಯಾರು ನೆಡುತ್ತಾರೆ ಎಂದು ಮನಸ್ಸಿಗೆ ಬಂದದ್ದು ನಿಜ.

ಕಾಯಿ ಸುಲಿಯುವುದನ್ನು ನಿಂತು ನೋಡಬೇಕು. ನೆಲಕ್ಕೆ ಹೂತ ಕಬ್ಬಿಣದ ಚೂಪು, ಸೊಂಟದೆತ್ತರ. ಸುಲಿಯುವವನು ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಒಮ್ಮೆ ಕುಕ್ಕಿ ಪಕ್ಕಕ್ಕೆ ತಿರುಚುತ್ತಾನೆ, ಮತ್ತೆ ಕುಕ್ಕಿ ತಿರುಚುತ್ತಾನೆ, ಮೂರನೆಯದಕ್ಕೆ ಸಿಪ್ಪೆ ಒಂದು ಕಡೆ, ಕಾಯಿ ಒಂದು ಕಡೆ. ಕಣ್ಣು ಕಾಯಿಯ ಮೇಲಿರುವುದಿಲ್ಲ, ಪಕ್ಕದವನ ಜೊತೆ ಮಾತಿನಲ್ಲಿರುತ್ತದೆ. ಅಂಗೈ ಮತ್ತು ಆ ಚೂಪಿನ ನಡುವೆ ಅಂತರ ಎರಡು ಬೆರಳಿನಷ್ಟು. ಕೂಲಿ ದಿನಕ್ಕಲ್ಲ, ಸಾವಿರ ಕಾಯಿಗೆ ಇಷ್ಟು ಎಂದು. ಕೊಬ್ಬರಿಗಾದರೆ ಕಾಯಿ ಅಟ್ಟದಲ್ಲಿ ವರ್ಷ ಹತ್ತಿರ ಮಲಗಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಂಡಿನ ಸದ್ದು ಬರಬೇಕು. ಆಮೇಲೆ ಚಿಪ್ಪನ್ನು ಉಂಡೆ ಒಡೆಯದ ಹಾಗೆ ಬಿಡಿಸುವ ಕೆಲಸ, ಅದು ಹೆಚ್ಚಾಗಿ ಹೆಂಗಸರದ್ದು. ಉಂಡೆ ತಿಪಟೂರು, ಅರಸೀಕೆರೆಯ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಉತ್ತರ ಹಿಂದೂಸ್ತಾನಕ್ಕೆ. ಚಿಪ್ಪು ಇದ್ದಿಲಿಗೆ, ಸಿಪ್ಪೆ ನಾರಿಗೆ. ತೆಂಗಿನಲ್ಲಿ ವ್ಯರ್ಥವಾಗುವುದು ಏನೂ ಇಲ್ಲ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಸುಲಿಯುವವನ ಭುಜದ ಸಂಧಿಯನ್ನು ಆ ಲೆಕ್ಕಕ್ಕೆ ಸೇರಿಸಿದವರಿಲ್ಲ.

ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬೇಕೆಂಬ ಬೇಡಿಕೆ ತಲೆಮಾರುಗಳಷ್ಟು ಹಳೆಯದು. ಹಳಿ ಬಿದ್ದು ಗಾಡಿ ಓಡಿದ್ದು 2013ರಲ್ಲಿ. ಅಲ್ಲಿಯವರೆಗೆ ಬೆಟ್ಟದೂರಿನ ಸಾಹೇಬರೂ ಸಾಹುಕಾರರೂ ರೈಲು ಹಿಡಿಯಲು ಇಳಿದು ಬರುತ್ತಿದ್ದದ್ದು ಕಡೂರಿಗೇ. ಜಟಕಾ, ಕೂಲಿ, ಕಾಫಿ ಹೋಟೆಲು, ಆಮೇಲಿನ ಟ್ಯಾಕ್ಸಿ, ಎಲ್ಲಕ್ಕೂ ಅದರಿಂದ ಅಷ್ಟಿಷ್ಟು ಸಂಪಾದನೆ. ಬಹುದಿನದ ಬೇಡಿಕೆ ಈಡೇರಿದಾಗ ಊರು ಜಂಕ್ಷನ್ನಾಯಿತು, ಇಳಿಯುವವರು ಕಮ್ಮಿಯಾದರು.

ಬೀರೂರಿಗೆ ಈ ಪಾಠ ಮೊದಲೇ ಆಗಿತ್ತು. ಆರೇಳು ಕಿಲೋಮೀಟರಿನ ಆಚೆ ಇರುವ ಈ ಊರೇ ನನ್ನ ಲೆಕ್ಕದಲ್ಲಿ ಇಡೀ ಸೀಮೆಯ ಅಸಲಿ ದುಡಿಯುವ ಊರು. ಉಗಿ ಎಂಜಿನ್ನಿನ ಕಾಲದ ಜಂಕ್ಷನ್ ಎಂದರೆ ಏನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಎಂಜಿನ್ನಿಗೆ ನೀರು ಕುಡಿಸಬೇಕು, ಕಲ್ಲಿದ್ದಲು ತುಂಬಬೇಕು, ಬೂದಿ ಎಳೆದು ಹಾಕಬೇಕು, ಒಲೆ ಕೆರೆಯಬೇಕು. ಶಿವಮೊಗ್ಗದ ಬೋಗಿ ಬೇರೆ, ಹರಿಹರದ ಬೋಗಿ ಬೇರೆ ಎಂದು ಕಳಚಿ ಜೋಡಿಸಬೇಕು. ಇದಕ್ಕೆಲ್ಲ ಫೈರ್‌ಮನ್, ಕ್ಲೀನರ್, ಪಾಯಿಂಟ್ಸ್‌ಮನ್, ಖಲಾಸಿ, ಗ್ಯಾಂಗ್‌ಮನ್. ಅವರಿಗೆ ಹಗಲು ರಾತ್ರಿಯೆಂಬ ಭೇದವಿಲ್ಲದ್ದರಿಂದ ಹೋಟೆಲಿಗೂ ಇಲ್ಲ. ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಮರಾಠಿ ಒಂದೇ ಬೀದಿಯಲ್ಲಿ ಕೂಗಾಡಿಕೊಂಡು ಬೆಳೆದದ್ದು ಹೀಗೆ. ಕೇರಿಯ ಹಳಬರು ಈಗಲೂ ಹೊತ್ತನ್ನು ಗಾಡಿಯ ಮೇಲೆ ಹೇಳುತ್ತಾರೆ, ಆ ಗಾಡಿ ನಿಂತುಹೋಗಿ ಎಷ್ಟೋ ವರ್ಷವಾಗಿದ್ದರೂ.

1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು. ಡೀಸೆಲ್ ಎಂಜಿನ್ನು ನೀರು ಕೇಳುವುದಿಲ್ಲ, ಬೂದಿ ಬಿಡುವುದಿಲ್ಲ. ಗೂಡ್ಸ್ ಗಾಡಿ ಹಿಂದಿನಂತೆ ಒಂದೆರಡು ವ್ಯಾಗನ್ ಬಿಟ್ಟು ಹೋಗುವ ಪದ್ಧತಿಯೂ ದೇಶದಲ್ಲೆಲ್ಲ ಮುಗಿಯಿತು. ಇಡೀ ರೇಕು ತುಂಬುವಷ್ಟು ಮಾಲಿದ್ದರೆ ಮಾತ್ರ ಮಾತು. ಬೀರೂರಿನ ವ್ಯಾಪಾರಿಯ ಮೂವತ್ತು ಚೀಲಕ್ಕೆ ರೈಲಿನಲ್ಲಿ ಜಾಗವಿಲ್ಲ. ಚೀಲ ಲಾರಿಗೆ ಹೋಯಿತು, ಚೀಲದ ಹಿಂದೆ ಹಮಾಲಿಯೂ ಹೋದ.

ಹಮಾಲಿಯ ಬಳಿ ಇರುವ ಬಂಡವಾಳ ಎರಡು: ತಲೆಯ ಮೇಲಿನ ಮಡಿಸಿದ ಗೋಣಿ, ಕೈಯಲ್ಲಿನ ಕೊಕ್ಕೆ. ಚೀಲ ಒಂದು ಕ್ವಿಂಟಲ್ ಇದ್ದ ಕಾಲದವರು ಈಗಿನ ಐವತ್ತು ಕೆ.ಜಿ. ಚೀಲವನ್ನು ಚೀಲವೆಂದೇ ಒಪ್ಪುವುದಿಲ್ಲ. ಮೊಮ್ಮಕ್ಕಳ ಎದುರು ಹೊತ್ತು ತೋರಿಸಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಾರೆ. ಲಾರಿಗೆ ಆನಿಸಿದ ಹಲಗೆ ಪ್ರತಿ ಹೆಜ್ಜೆಗೂ ತೂಗುತ್ತದೆ. ಹಲಗೆ ಮೇಲೇಳುವ ಗಳಿಗೆಗೆ ಸರಿಯಾಗಿ ಕಾಲೆತ್ತಬೇಕು; ತಪ್ಪಿದರೆ ಚೀಲದ ಭಾರದ ಜೊತೆ ಹಲಗೆಯ ಒದೆತವನ್ನೂ ಮಂಡಿ ತಿನ್ನಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲವಂತೆ. ಮೊದಲ ವಾರ ಹಲಗೆಯೇ ಕಲಿಸುತ್ತದೆ.

ಈ ಜನಕ್ಕೆಲ್ಲ ವರ್ಷಕ್ಕೊಮ್ಮೆ ಒಂದು ಬೆಳಗ್ಗೆ ಇದೆ. ದಸರೆಯ ಹೊತ್ತಿಗೆ ಬೀರೂರಿನ ಮೈಲಾರಲಿಂಗನ ಕಾರ್ಣಿಕ, ಮಹಾನವಮಿ ಬಯಲಿನಲ್ಲಿ, ಬೆಳಕು ಹರಿಯುವುದಕ್ಕೆ ಮುಂಚೆ. ಹೊರಬೀಳುವುದು ಒಂದೆರಡು ಮಾತು, ಅದೂ ಒಗಟು. ಟಿ.ವಿ.ಯವರು ಅದರಲ್ಲಿ ಯಾವ ಮುಖ್ಯಮಂತ್ರಿಗೆ ಏನಾಗುತ್ತದೆ ಎಂದು ಹುಡುಕುತ್ತಾರೆ. ಬಯಲಲ್ಲಿ ನೆರೆದವರಿಗೆ ಬೇಕಾದದ್ದು ಹಿಂಗಾರು ಮಳೆ ಬರುತ್ತದೆಯೇ, ಕಾಯಿಗೆ ಅಡಿಕೆಗೆ ರೇಟು ನಿಲ್ಲುತ್ತದೆಯೇ ಎಂಬುದು. ಹೊಲವಿದ್ದವನು ಮಳೆಯ ಅರ್ಥ ಮಾಡಿಕೊಂಡರೆ ಮಂಡಿಯವನು ರೇಟಿನ ಅರ್ಥ ಮಾಡಿಕೊಳ್ಳುತ್ತಾನೆ. ಇವೆರಡೂ ಇಲ್ಲದ ಹಮಾಲಿಗೆ ಎರಡರಿಂದಲೂ ಕೆಲಸ ಹುಟ್ಟುತ್ತದೆ. ದೇವರ ಮಾತನ್ನು ಸುಮ್ಮನೆ ನಿಂತು ಪೂರ್ತಿ ಕೇಳುವವನು ಅವನೇ.

ಬೀರೂರು ಬಿಟ್ಟು ಶಿವಮೊಗ್ಗದ ದಾರಿ ಹಿಡಿದರೆ ಎಡಗಡೆ ಬಾಬಾಬುಡನ್‌ಗಿರಿಯ ಸಾಲು ಹತ್ತಿರವಾಗುತ್ತ ಬರುತ್ತದೆ, ಬಲಗಡೆ ಅಡಿಕೆ ತೋಟಗಳು ರಸ್ತೆಯವರೆಗೂ ನುಗ್ಗಿವೆ. ತರೀಕೆರೆ. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿರುವುದು ಕೆರೆ ಏರಿಯ ಮೇಲಿನ ಆ ಮೂರು ಕುರಿಮರಿಗಳಿಂದ. ನಾಲಿಗೆ ಹೊರಳದ ಆ ಮಾತನ್ನು ಎರಡು ಸಲ ತಪ್ಪಿಲ್ಲದೆ ಹೇಳಿದವರು ನನಗಿನ್ನೂ ಸಿಕ್ಕಿಲ್ಲ. ಊರಿನ ಚರಿತ್ರೆ ಅಷ್ಟು ಆಟದ್ದಲ್ಲ. ಇಲ್ಲಿನ ಪಾಳೆಯಗಾರ ಸರ್ಜಾ ಹನುಮಪ್ಪನಾಯಕ 1830ರ ನಗರ ದಂಗೆಯಲ್ಲಿ ಕಂದಾಯದ ಹೊರೆಗೆ ಬೇಸತ್ತ ರೈತರ ಜೊತೆ ನಿಂತವನು. ಆ ದಂಗೆಯ ನೆಪದಲ್ಲೇ 1831ರಲ್ಲಿ ಇಂಗ್ಲಿಷರು ಇಡೀ ಮೈಸೂರನ್ನು ಐವತ್ತು ವರ್ಷ ತಮ್ಮ ಕೈಗೆ ತೆಗೆದುಕೊಂಡರು.

ಇಪ್ಪತ್ತನೆಯ ಶತಮಾನದಲ್ಲಿ ತರೀಕೆರೆಯನ್ನು ಕಟ್ಟಿದ್ದು ಮರ ಮತ್ತು ಅದಿರು. ಲಕ್ಕವಳ್ಳಿಯ ಕಾಡಿನ ತೇಗ, ಹೊನ್ನೆ, ಬೀಟೆ ಇತ್ತ ಬರುತ್ತಿತ್ತು. ಎರಡಡಿ ಅಗಲದ ಹಳಿಯ ಪುಟ್ಟ ಟ್ರಾಮು ಇಲ್ಲಿಂದ ಕಾಡಿನೊಳಗೆ ನರಸಿಂಹರಾಜಪುರದವರೆಗೆ ಓಡಾಡುತ್ತಿತ್ತು. ಮೇಲೆ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆದು, ತೊಟ್ಟಿಲುಗಳಲ್ಲಿ ರೋಪ್‌ವೇ ಮೇಲೆ ಇಳಿಸಿ, ಭದ್ರಾವತಿಯ ಕುಲುಮೆಗೆ ಸಾಗಿಸುತ್ತಿದ್ದರು. ಆ ಕುಲುಮೆ 1923ರಲ್ಲಿ ಉರಿಯತೊಡಗಿದಾಗ ಅದಕ್ಕೆ ಹಾಕುತ್ತಿದ್ದದ್ದು ಕಲ್ಲಿದ್ದಲಲ್ಲ, ಇದೇ ಕಾಡು ಕಡಿದು ಸುಟ್ಟ ಇದ್ದಿಲು. ಮರ ಕಡಿಯುವವರು, ಇದ್ದಿಲು ಗೂಡು ಹಾಕುವವರು, ಗಾಡಿ ಹೊಡೆಯುವವರು, ಗರಗಸದ ಮಿಲ್ಲಿನವರು ಎಂದು ತರೀಕೆರೆಯ ಪೇಟೆಯ ಹಿಂದೆ ಹಿಂದೆಯೇ ಕೇರಿ ಕಿಕ್ಕಿರಿಯಿತು. ಈಗ ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಗುಲಾಬಿ ಇದೆ, ಟ್ರಾಮ್ ಇಲ್ಲ, ಕಾಡಿನ ದೊಡ್ಡ ಪಾಲಿನ ಮೇಲೆ ಭದ್ರಾ ಹಿನ್ನೀರು ನಿಂತಿದೆ. ಕೇರಿ ಮಾತ್ರ ಅಲ್ಲೇ ಇದೆ.

ಅದು ಈಗ ಅಡಿಕೆಯ ಕೇರಿ. ಕೊಯ್ಲು ಶುರುವಾದರೆ ಹೆಗಲಿನ ಕೆಲಸ ಮಣಿಕಟ್ಟಿಗೆ ಬರುತ್ತದೆ. ತೋಟದ ಯಜಮಾನ ಬೆಳೆಯನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿರುತ್ತಾನೆ. ಖೇಣಿದಾರನಿಗೆ ಅಂದು ಕೊಯ್ದ ಹಸಿಯಡಿಕೆ ಅಂದೇ ಸುಲಿದಾಗಬೇಕು, ಬಾಡಿದರೆ ಬಣ್ಣ ಕೆಡುತ್ತದೆ. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯನ್ನು ಕಾಲಡಿ ಒತ್ತಿ ಕೂರುತ್ತಾರೆ. ಕಾಯಿ ಕತ್ತಿಯ ಬಾಯಿಗೆ ಹೋಗಿ ಸುತ್ತಿ ಬರುವುದರೊಳಗೆ ಸಿಪ್ಪೆ ಹಾರಿ, ಒಳಗಿನ ಅಡಿಕೆ ಡಬ್ಬಕ್ಕೆ ಬಿದ್ದ ಸದ್ದಾಗುತ್ತದೆ. ಸದ್ದಿನಿಂದಲೇ ಯಾರ ಡಬ್ಬ ಎಷ್ಟು ತುಂಬಿದೆ ಎಂದು ಅವರಿಗೆ ಗೊತ್ತು. ಆಮೇಲೆ ದೊಡ್ಡ ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುವುದು, ಒಣಗಿಸುವುದು, ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸುವುದು. ಬೆಲೆ ಸಾವಿರಗಳಲ್ಲಿ ಏರಿಳಿಯುವುದು ಅಲ್ಲಿಂದ ಮುಂದೆ. ಸುಲಿದವರ ಕೂಲಿ ಡಬ್ಬದ ಲೆಕ್ಕದಲ್ಲಿ ಅಲ್ಲಿಗೇ ನಿಂತಿರುತ್ತದೆ. ಅವರ ಹೆಬ್ಬೆರಳು ತೋರುಬೆರಳು ಕಪ್ಪು. ಹುಣಸೆಹಣ್ಣು ತಿಕ್ಕಿದರೂ ಹೋಗದು, ಹಬ್ಬದ ಮೆಹಂದಿಯೂ ಅದರ ಮೇಲೆ ಕಾಣದು.

ಸುಲಿಯುವ ಯಂತ್ರ ಬಂದು ಕೆಲವು ವರ್ಷಗಳಾದವು. ಇಪ್ಪತ್ತು ಮೂವತ್ತು ಹೆಂಗಸರ ರಾತ್ರಿಯ ಕೆಲಸವನ್ನು ಒಂದು ಯಂತ್ರ, ಮೂರು ಆಳು ಮುಗಿಸುತ್ತಾರೆ. ಯಂತ್ರ ಬಂದದ್ದಕ್ಕೆ ಮಾಲೀಕರು ಹೇಳುವ ಕಾರಣ, ಜನ ಸಿಗುತ್ತಿಲ್ಲ. ಕೇರಿಯಲ್ಲಿ ಕೇಳಿದರೆ, ಯಂತ್ರ ಬಂತು ಅದಕ್ಕೇ ಹೋಗುವುದು ಬಿಟ್ಟೆವು. ಎರಡೂ ನಿಜವಿರಬೇಕು. ಹುಡುಗಿಯರು ಭದ್ರಾವತಿ ದಾಟಿ ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಬಸ್ಸು ಹತ್ತುತ್ತಾರೆ. ಅಲ್ಲಿ ಕೂಲಿಯಲ್ಲ, ಸಂಬಳ, ಪಿ.ಎಫ್. ಇದೆ, ಬೆರಳು ಕಪ್ಪಾಗುವುದಿಲ್ಲ.

ಈ ಸೀಮೆಯ ಗಂಡಸರಿಗೆ ಸಂಬಳ ಎಂಬುದು ಒಂದು ಕಾಲಕ್ಕೆ ಭದ್ರಾವತಿಯಲ್ಲಿತ್ತು. ಕಬ್ಬಿಣದ ಕಾರ್ಖಾನೆ, 1936ರಿಂದ ಕಾಗದದ ಕಾರ್ಖಾನೆ. ತರೀಕೆರೆಯಲ್ಲಿ ಮನೆ, ಭದ್ರಾವತಿಯಲ್ಲಿ ಶಿಫ್ಟು ಎಂದರೆ ಹೆಣ್ಣು ಕೊಡಲು ಮುಂದೆ ಬರುತ್ತಿದ್ದರು. ಕಾಗದದ್ದು ಸುಮಾರು ಹತ್ತು ವರ್ಷದ ಹಿಂದೆ ನಿಂತಿತು. ಕಬ್ಬಿಣದ್ದನ್ನು ಮುಚ್ಚುವುದಾಗಿ 2023ರ ಜನವರಿಯಲ್ಲಿ ಪ್ರಕಟಿಸಿ, ಕಾರ್ಮಿಕರು ಬೀದಿಯಲ್ಲಿ ಕೂತ ಮೇಲೆ ಅದೇ ವರ್ಷ ಒಂದಿಷ್ಟು ಭಾಗವನ್ನು ಮತ್ತೆ ನಡೆಸಿದರು. ಅದರ ಕಥೆ ದೊಡ್ಡದು, ಬೇರೆಯೇ ಬರೆಯಬೇಕಾದ್ದು.

ಅಜ್ಜಂಪುರಕ್ಕೆ ಬರಲು ತರೀಕೆರೆಯಿಂದ ಪೂರ್ವಕ್ಕೆ ತಿರುಗಬೇಕು. ಅರ್ಧ ಗಂಟೆಯಲ್ಲಿ ಅಡಿಕೆ ಮುಗಿದು ಎರೆಹೊಲ, ಜಾಲಿ, ದೂರಕ್ಕೆ ಹರಡಿದ ಬಯಲು. 'ಆನಂದ' ಎಂಬ ಹೆಸರಲ್ಲಿ ಕಥೆ ಬರೆದ ಸೀತಾರಾಮರ ಊರು ಇದು. ಅದಕ್ಕಿಂತ ಹೆಚ್ಚಾಗಿ ಅಮೃತಮಹಲ್ ದನದ ಊರು. ಮೈಸೂರರಸರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನಿಂದ ಅಮೃತಮಹಲ್ ಎನಿಸಿಕೊಂಡ ಈ ತಳಿಯ ಕೆಲಸವೂ ಹೊರೆಯೇ. ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರ ಮುಟ್ಟಿದ್ದು ಈ ಎತ್ತುಗಳ ಬಲದಿಂದ ಎನ್ನುತ್ತಾರೆ. ಮುಂದೆ ವೆಲಿಂಗ್ಟನ್ ಸ್ಪೇನಿನ ಯುದ್ಧದಲ್ಲಿದ್ದಾಗ ಇವು ಇಲ್ಲಿ ಇದ್ದಿದ್ದರೆ ಎಂದು ಹಲುಬಿದನಂತೆ. ತೋಪು ಎಳೆಯುವ ಕಾಲ ಹೋಯಿತು, ಉಳುವ ಕಾಲವೂ ಹೋಗುತ್ತಿದೆ. ಆದರೂ ಇಲ್ಲಿನ ತಳಿ ಕೇಂದ್ರದಲ್ಲಿ ಹೋರಿಕರುಗಳ ವಾರ್ಷಿಕ ಹರಾಜಾದಾಗ ಹಾವೇರಿ, ದಾವಣಗೆರೆಯ ಕಡೆಯಿಂದಲೂ ರೈತರು ಪೈಪೋಟಿಗೆ ಬೀಳುತ್ತಾರೆ. ಹೊರೆ ತಪ್ಪಿದ ಮೇಲೆ ಬೆಲೆ ಏರಿದ್ದು ಈ ಸೀಮೆಯಲ್ಲಿ ಎತ್ತಿಗೆ ಮಾತ್ರ.

ಅಜ್ಜಂಪುರ ಈಗ ತಾಲ್ಲೂಕು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ನಲವತ್ತೊಂಬತ್ತರಲ್ಲಿ ಒಂದು. ಊರಿನ ಬಳಿ ಸುಮಾರು ಏಳು ಕಿಲೋಮೀಟರು ಕೊರೆದ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಲಕ್ಕವಳ್ಳಿಯಿಂದ ಎತ್ತಿದ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯುತ್ತದೆ. ನೀರೂ ಈ ಊರನ್ನು ದಾಟಿ ಹೋಗುವುದನ್ನು ಕಲಿತಿತು ಎಂದು ಚಹಾದಂಗಡಿಯಲ್ಲಿ ಒಬ್ಬರು ಹೇಳಿದಾಗ ನಕ್ಕವರಲ್ಲಿ ಅವರೇ ಮೊದಲು.

ನಾನು ಹೋದಾಗ ಈರುಳ್ಳಿಯ ಕಾಲ. ಸ್ಟೇಷನ್ ರಸ್ತೆಯ ಬದಿಗೆ ಟಾರ್ಪಾಲಿನ ಮೇಲೆ ಕೆಂಪು ರಾಶಿ, ಸುತ್ತ ಕೂತ ಹೆಂಗಸರು. ಪಕ್ಕದ ತಾಂಡಾದವರು ಕೆಲವರು, ಊರಿನ ಕೇರಿಯವರು ಕೆಲವರು. ಒಂದು ಕೈ ಬಾಲ ಕೊಯ್ಯುತ್ತದೆ, ಇನ್ನೊಂದು ದಪ್ಪ, ಮಧ್ಯಮ, ಗೋಲಿ ಎಂದು ಮೂರು ಕಡೆ ಎಸೆಯುತ್ತದೆ. ರೇಟು ಬಿದ್ದ ವರ್ಷ ರೈತ ಕೀಳದೆ ಹೊಲದಲ್ಲೇ ಬಿಡುತ್ತಾನೆ, ಆಗ ಈ ಕೆಲಸವೂ ಇಲ್ಲ. ಅವರಲ್ಲಿ ಹಿರಿಯಾಕೆ ವರ್ಷದ ಲೆಕ್ಕ ಒಪ್ಪಿಸಿದಳು. ಈರುಳ್ಳಿ ಮುಗಿದರೆ ಅಡಿಕೆ. ಸಂಕ್ರಾಂತಿಯ ಆಸುಪಾಸು ಮೇಸ್ತ್ರಿ ಮುಂಗಡ ಕೊಟ್ಟು ಪಿಕ್‌ಅಪ್ಪಿನಲ್ಲಿ ಘಟ್ಟಕ್ಕೆ ಕರೆದೊಯ್ಯುತ್ತಾನೆ, ಕಾಫಿ ಹಣ್ಣು ಕೊಯ್ಯಲು. ಶಿವರಾತ್ರಿ ಕಳೆದು ಬಂದರೆ ಹುಣಸೆಹಣ್ಣು ಬಡಿಯುವುದು. ಮಳೆಗಾಲದಲ್ಲಿ ಕಳೆ.

ಕೂಲಿ ಎಲ್ಲಿ ಸರಿಯಾಗಿ ಸಿಗುತ್ತದೆ ಎಂದೆ.

"ಕಾಫಿ ಕೆ.ಜಿ. ಲೆಕ್ಕ, ತಕ್ಕಡಿ ಅವರ್ದು. ಅಡಿಕೆ ಡಬ್ಬದ ಲೆಕ್ಕ, ಡಬ್ಬನೂ ಅವರ್ದೇ, ತಳ ಬಡಿದು ಉಬ್ಬಿಸಿರ್ತಾರೆ. ಇದು ಚೀಲದ ಲೆಕ್ಕ. ಚೀಲ ಹೊಲಿಯೋದು ನಾವು."

ಹಾಗೆಂದವಳು ಹೆಣೆದ ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಮಂಡಿಯಲ್ಲಿ ಒತ್ತಿ, ಅಂಗೈಯುದ್ದದ ದಬ್ಬಳ ಚುಚ್ಚಿ ಎಳೆದಳು. ದಾರ ಬರಲಿಲ್ಲ. ಲಾರಿಯವನು ಯಶವಂತಪುರದ ಮಾರ್ಕೆಟ್ಟು ತಪ್ಪುತ್ತದೆ ಎಂದು ಹಾರ್ನು ಬಾರಿಸುತ್ತಿದ್ದ. ಆಕೆ ತಲೆಯೆತ್ತದೆಯೇ ಹೇಳಿದಳು, "ದಾರ ತುಳ್ಕಂಡ್ ನಿಂತಿದೀರ, ಅತ್ಲಾಗ್ ಸರೀರಿ."